ಮೇಲಿನ ಹೊಲ, ಕೆಳಗಿನ ಬಾವಿ: ಗ್ರಾಮಾಭಿವೃದ್ಧಿ ಸಂಸ್ಥೆ ನಡೆಯುವ ಬಗೆ

ಒಂದು ಎಕರೆ ಹೊಲದ ಮೇಲೆ 20 ಮಿಲಿಮೀಟರ್ ಮಳೆಯಾದರೆ ಸುಮಾರು 80 ಸಾವಿರ ಲೀಟರ್ ನೀರು ಬಿದ್ದಂತೆ. ಬಯಲುಸೀಮೆಯ ಇಳಿಜಾರಿನಲ್ಲಿ ಆ ನೀರು ನಿಲ್ಲುವುದಿಲ್ಲ. ಮೇಲ್ಮಣ್ಣನ್ನೂ ಹೊತ್ತುಕೊಂಡು ಹಳ್ಳ ಸೇರುತ್ತದೆ. ಅದನ್ನು ತಡೆಯುವ ಬದು, ಕಲ್ಲುಕಟ್ಟು, ಕೃಷಿಹೊಂಡಗಳು ನಮ್ಮ ರೈತರಿಗೆ ಗೊತ್ತಿಲ್ಲದ ಸಂಗತಿಗಳೇನಲ್ಲ. ತೊಡಕು ಇರುವುದು ಬೇರೆ ಕಡೆ. ಬದು ಹಾಕಬೇಕಾದವರು ಮೇಲಿನ ಹೊಲದವರು, ಬಾವಿ ತುಂಬುವುದು ಕೆಳಗಿನ ಹೊಲದವರದು. ಹುಲ್ಲು ಚಿಗುರುವ ತನಕ ಗೋಮಾಳಕ್ಕೆ ದನಕರು ಬಿಡಬಾರದು ಎಂದರೆ, ತುಂಡು ಹೊಲವೂ ಇಲ್ಲದೆ ನಾಲ್ಕು ಕುರಿ ನಂಬಿ ಬದುಕುವ ಮನೆಯವರು ಎಲ್ಲಿಗೆ ಹೋಗಬೇಕು? ಕೆರೆಯಿಂದ ಎತ್ತಿದ ಹೂಳಿನಲ್ಲಿ ಯಾರ ಹೊಲಕ್ಕೆ ಎಷ್ಟು? ಹೂಳೆತ್ತಲು ಜೆಸಿಬಿಯನ್ನು ಯಾರು ಬೇಕಾದರೂ ಬಾಡಿಗೆಗೆ ತರಬಹುದು. ಇಷ್ಟೂ ಮನೆಗಳನ್ನು ಒಂದು ಒಡಂಬಡಿಕೆಗೆ ತಂದು, ಅದು ವರ್ಷಗಟ್ಟಲೆ ಉಳಿಯುವಂತೆ ನೋಡಿಕೊಳ್ಳಲು ಗ್ರಾಮಾಭಿವೃದ್ಧಿ ಸಂಸ್ಥೆ ಬೇಕು.

ನೋಂದಣಿ ಇದರಲ್ಲಿ ಸಲೀಸಾದ ಭಾಗ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ 7 ಜನ ಸೇರಿದರೆ ಸಂಘ ಕಟ್ಟಬಹುದು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಟ್ರಸ್ಟ್ ಪತ್ರ ನೋಂದಾಯಿಸಬಹುದು. 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಲಾಭ ಹಂಚಿಕೊಳ್ಳದ ಕಂಪನಿ ತೆರೆಯಬಹುದು. ಟ್ರಸ್ಟಿನಲ್ಲಿ ತೀರ್ಮಾನಗಳು ಬೇಗ ಆಗುತ್ತವೆ, ಆದರೆ ಟ್ರಸ್ಟಿಗಳನ್ನು ಕೇಳುವ ಸದಸ್ಯರಿರುವುದಿಲ್ಲ. ಸಂಘವಾದರೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆದು ಲೆಕ್ಕ ಒಪ್ಪಿಸಬೇಕು. ಊರವರ ಹೆಸರಿನಲ್ಲಿ ದುಡಿಯುವವರಿಗೆ ಈ ಕಟ್ಟುಪಾಡು ಇರುವುದೇ ಒಳ್ಳೆಯದೆಂದು ನಾನು ನಂಬುತ್ತೇನೆ. ಆಮೇಲೆ ಆದಾಯ ತೆರಿಗೆ ಇಲಾಖೆಯಲ್ಲಿ 12ಎ, 80ಜಿ ಎಂದು ಎಲ್ಲರ ಬಾಯಲ್ಲಿರುವ ಎರಡು ನೋಂದಣಿ: ಒಂದು ಸಂಸ್ಥೆಯ ವರಮಾನಕ್ಕೆ ವಿನಾಯಿತಿ ಕೊಡಿಸುತ್ತದೆ, ಇನ್ನೊಂದು ದಾನಿಗಳಿಗೆ.

ಹಣ ಎಲ್ಲಿಂದ ಬರುತ್ತದೆ ಎಂಬುದಕ್ಕಿಂತ ಅದು ಎಂಥ ಷರತ್ತು ಹೊತ್ತು ಬರುತ್ತದೆ ಎಂಬುದನ್ನು ಮೊದಲು ನೋಡಬೇಕು. ಕಂಪನಿಗಳ ಸಿಎಸ್‌ಆರ್ ಹಣವೆಂದರೆ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟು; 2021ರ ಏಪ್ರಿಲ್‌ನಿಂದ ಅದನ್ನು ಪಡೆಯುವ ಸಂಸ್ಥೆ ಸಿಎಸ್‌ಆರ್-1 ಅರ್ಜಿ ಹಾಕಿ ಸಂಖ್ಯೆ ಪಡೆದಿರಬೇಕು. ಈ ಹಣಕ್ಕೆ ಮಾರ್ಚ್ ಕೊನೆಯ ಅವಸರ ಜಾಸ್ತಿ. ಫೋಟೋ ತೆಗೆಯಬಹುದಾದ ಕೆಲಸಕ್ಕೆ ಬೇಗ ಸಿಗುತ್ತದೆ, ಸಭೆ ನಡೆಸಲು ಸಿಗುವುದಿಲ್ಲ. ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಆಡಳಿತ ವೆಚ್ಚ ಶೇ. 20ನ್ನು ಮೀರುವಂತಿಲ್ಲ, ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಗೊತ್ತುಪಡಿಸಿದ ಶಾಖೆಗೇ ಬರಬೇಕು, ಮತ್ತೊಂದು ಸಂಸ್ಥೆಗೆ ಹಂಚುವಂತಿಲ್ಲ. ಪಟ್ಟಣದ ದೊಡ್ಡ ಸಂಸ್ಥೆಯ ಮೂಲಕ ಹಣ ಪಡೆಯುತ್ತಿದ್ದ ತಾಲ್ಲೂಕು ಮಟ್ಟದ ಚಿಕ್ಕ ಸಂಸ್ಥೆಗಳಿಗೆ ಆ ಕೊನೆಯ ನಿಯಮ ಬಹಳ ಪೆಟ್ಟು ಕೊಟ್ಟಿತು.

ಸರ್ಕಾರದ ಜಲಾನಯನ ಯೋಜನೆಗಳ ಹಣಕ್ಕೆ ಮೊದಲೇ ಪಾಲು ಗೊತ್ತುಮಾಡಿರುತ್ತದೆ. ಕೇಂದ್ರ ಸರ್ಕಾರ 2008ರಲ್ಲಿ ಹೊರಡಿಸಿದ ಸಾಮಾನ್ಯ ಮಾರ್ಗಸೂಚಿಯಲ್ಲಿ ಬದು, ಕಟ್ಟೆಗಳಂಥ ಕಾಮಗಾರಿಗೆ ಶೇ. 50, ಆಡಳಿತಕ್ಕೆ ಶೇ. 10, ಆಸ್ತಿಯಿಲ್ಲದವರ ಜೀವನೋಪಾಯಕ್ಕೆ ಶೇ. 10, ಊರಿನ ಸಂಘಗಳನ್ನು ಕಟ್ಟಿ ತರಬೇತಿ ಕೊಡಲು ಶೇ. 5 ಎಂದಿತ್ತು. ಕೊನೆಯ ಆ ಶೇ. 5ನ್ನು ಗಮನಿಸಿ. ಉಳಿದದ್ದೆಲ್ಲ ಬಾಳಿಕೆ ಬರುವುದೋ ಇಲ್ಲವೋ ಎಂಬುದು ಅದರ ಮೇಲೆ ನಿಂತಿದೆ, ಸಿಗುವುದು ಮಾತ್ರ ಇಷ್ಟು. ಸಭೆ, ಪ್ರವಾಸ, ಲೆಕ್ಕಪತ್ರ ಕಲಿಸುವ ಖರ್ಚನ್ನು ‘ಮೇಲ್ಖರ್ಚು’ ಎಂದು ಕತ್ತರಿಸುವ ದಾನಿಗಳೊಂದಿಗೆ ಸಂಸ್ಥೆಯ ಮುಖ್ಯಸ್ಥರು ಹಟ ಹಿಡಿದು ವಾದಿಸಬೇಕು.

ಊರಿನಲ್ಲಿ ಕೆಲಸ ಶುರುವಾಗುವುದು ಸಾಮಾನ್ಯವಾಗಿ ನಕ್ಷೆಯಿಂದ. ಗುಡಿಯ ಮುಂದಿನ ಜಾಗದಲ್ಲಿ ರಂಗೋಲಿ ಪುಡಿ ಹಿಡಿದು ಹಳ್ಳ, ಕೆರೆ, ಹೊಲ, ಬೋರ್‌ವೆಲ್, ಮನೆಗಳನ್ನು ಊರವರೇ ಬರೆಯುತ್ತಾರೆ. ಈ ರಂಗದವರು ಇದನ್ನು ಪಿಆರ್‌ಎ ಎನ್ನುತ್ತಾರೆ. ನಕ್ಷೆಯಲ್ಲಿ ಇರುವುದಷ್ಟನ್ನೇ ನೋಡಿದರೆ ಸಾಲದು, ಬರೆಯಲು ಯಾರು ಬರಲಿಲ್ಲ ಎಂಬುದನ್ನೂ ಗುರುತು ಮಾಡಿಕೊಳ್ಳಬೇಕು. ಗುಡಿಯ ಮುಂದೆ ಕೂರಲು ಹಿಂಜರಿಯುವ ಕೇರಿಯವರಿದ್ದರೆ ಅದೇ ನಕ್ಷೆಯನ್ನು ಅವರ ಕೇರಿಯಲ್ಲಿ ಮತ್ತೊಮ್ಮೆ ಬರೆಸಬೇಕು. ಎರಡೂ ನಕ್ಷೆಗಳಲ್ಲಿ ಒಂದೇ ಊರು ಕಾಣುವುದು ಅಪರೂಪ. ಹೆಂಗಸರು ಬರೆದರೆ ಸೌದೆ ತರುವ ದಾರಿಯೂ ಬೇಸಿಗೆಯಲ್ಲಿ ನೀರು ತರುವ ದಾರಿಯೂ ಕಾಣಿಸಿಕೊಳ್ಳುತ್ತವೆ. ಗ್ರಾಮಸಭೆ ರಚಿಸುವ ಜಲಾನಯನ ಸಮಿತಿಯ ಕನಿಷ್ಠ 10 ಸದಸ್ಯರಲ್ಲಿ ಅರ್ಧದಷ್ಟು ಮಂದಿ ಸ್ವಸಹಾಯ ಸಂಘಗಳು, ಬಳಕೆದಾರರ ಗುಂಪುಗಳು, ಪರಿಶಿಷ್ಟರು, ಮಹಿಳೆಯರು, ಭೂಹೀನರ ಪ್ರತಿನಿಧಿಗಳಾಗಿರಬೇಕು ಎಂದು ಅದೇ ಮಾರ್ಗಸೂಚಿ ಹೇಳಿತ್ತು. ಆ ಹೆಸರುಗಳು ಸಹಿ ಮಾಡಲಷ್ಟೇ ಬರುತ್ತವೆಯೋ, ಬಾಯಿಬಿಟ್ಟು ಮಾತಾಡುತ್ತವೆಯೋ ಎಂಬುದು ಸಂಸ್ಥೆ ಅವರ ಬೆನ್ನಿಗೆ ಎಷ್ಟು ದಿನ ನಿಂತಿತು ಎಂಬುದನ್ನು ಅವಲಂಬಿಸಿದೆ.

ಗುಂಪು ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಮೈರಾಡಾದ ಅನುಭವ ಇವತ್ತಿಗೂ ಪಾಠ. 1968ರಲ್ಲಿ ಟಿಬೆಟನ್ನರ ಪುನರ್ವಸತಿಗಾಗಿ ಹುಟ್ಟಿದ ಈ ಸಂಸ್ಥೆ ಮುಂದೆ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿತ್ತು. 1980ರ ದಶಕದ ನಡುವೆ ಅವು ಒಡೆದವು. ಸಾಲ ಪಡೆದವರು ಮೈರಾಡಾಕ್ಕೆ ಹಣ ತೀರಿಸಲು ಸಿದ್ಧರಿದ್ದರು, ಆದರೆ ಒಬ್ಬಿಬ್ಬರ ಹಿಡಿತದಲ್ಲಿದ್ದ ಸಹಕಾರ ಸಂಘಕ್ಕೆ ಕೊಡಲು ಒಲ್ಲೆ ಎಂದರು. ಒಬ್ಬರನ್ನೊಬ್ಬರು ನಂಬುವ ಹತ್ತಿಪ್ಪತ್ತು ಮಂದಿ ಬೇರೆ ಬೇರೆ ಗುಂಪಾಗಿ ಉಳಿತಾಯ ಆರಂಭಿಸಿದರು. ಆ ಗುಂಪುಗಳನ್ನು ಬೆಳೆಸಲು 1987ರಲ್ಲಿ ನಬಾರ್ಡ್ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. 1992ರಲ್ಲಿ ದೇಶದಾದ್ಯಂತ 500 ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ಇವತ್ತು ಹಳ್ಳಿಯ ಹೆಣ್ಣುಮಕ್ಕಳು ಬಾಯಿಮಾತಿನಲ್ಲಿ ‘ನಮ್ಮ ಸಂಘ’ ಎನ್ನುವುದರ ಬೇರು ಇಲ್ಲಿದೆ. ಯೋಜನೆಯ ಗುರಿ ಮುಟ್ಟಲು ಪಟ್ಟಿ ಹಿಡಿದು ಬೀದಿಗೊಂದರಂತೆ ಸಂಘ ಮಾಡುವವರು ಈ ಇತಿಹಾಸವನ್ನು ಓದಬೇಕು. ಪರಸ್ಪರ ನಂಬಿಕೆ ಇರುವವರು ತಾವೇ ಆರಿಸಿಕೊಂಡ ಗುಂಪು ಉಳಿಯುತ್ತದೆ.

ಹಾಗೆ ನಿಂತ ಸಂಘಕ್ಕೆ ಹಣ ನಿಭಾಯಿಸುವ ಅಭ್ಯಾಸ ಆಗಬೇಕಾದರೆ ಊರಿನ ಪಾಲೂ ಅದರಲ್ಲಿರಬೇಕು. ಜಲಾನಯನ ಯೋಜನೆಯಲ್ಲಿ ಖಾಸಗಿ ಹೊಲದ ಕಾಮಗಾರಿಗೆ ರೈತರು ಕನಿಷ್ಠ ಶೇ. 10 ವಂತಿಕೆ ಕೊಡಬೇಕಿತ್ತು; ಪರಿಶಿಷ್ಟರು, ಸಣ್ಣ ಮತ್ತು ಅತಿಸಣ್ಣ ರೈತರಿಗೆ ಶೇ. 5. ಆ ಹಣ ಜಲಾನಯನ ಅಭಿವೃದ್ಧಿ ನಿಧಿ ಎಂಬ ಬೇರೆ ಖಾತೆಗೆ ಹೋಗಿ, ಯೋಜನೆ ಮುಗಿದ ಮೇಲೆ ಸಾರ್ವಜನಿಕ ಕಟ್ಟೆಗಳ ದುರಸ್ತಿಗೆ ಉಳಿಯುತ್ತದೆ. ಗುತ್ತಿಗೆದಾರನ ಬಿಲ್ಲಿನಲ್ಲೇ ವಂತಿಕೆ ಮುರಿದುಕೊಂಡು ರೈತರ ಹೆಸರಿಗೆ ಬರೆಯುವ ಕೆಟ್ಟ ಚಾಳಿ ಕೆಲವು ಕಡೆ ಇದೆ. ಸಂಸ್ಥೆ ಅದಕ್ಕೆ ಕಣ್ಣುಮುಚ್ಚಿದರೆ ಊರು ಆ ಕಟ್ಟೆಯನ್ನು ಎಂದೂ ತನ್ನದೆಂದು ತಿಳಿಯುವುದಿಲ್ಲ. ಪ್ರತಿ ಯೋಜನೆಗೂ ಪ್ರತ್ಯೇಕ ಲೆಕ್ಕ, ಊರಿನ ಖಾತೆಗೆ ಊರವರದೇ ಜಂಟಿ ಸಹಿ, ಕಾಮಗಾರಿಯ ಉದ್ದಗಲ ಮತ್ತು ಖರ್ಚು ಪಂಚಾಯಿತಿ ಗೋಡೆಯ ಮೇಲೆ ಬಣ್ಣದಲ್ಲಿ: ಇಷ್ಟು ಮಾಡಿದರೆ ಅರ್ಧಕ್ಕರ್ಧ ಜಗಳಗಳು ಹುಟ್ಟುವುದೇ ಇಲ್ಲ.

ಕಾರ್ಯಕರ್ತರ ಬಗ್ಗೆ ಯಾರೂ ಸಾಕಷ್ಟು ಬರೆಯುವುದಿಲ್ಲ. ಡೇರಿಗೆ ಹಾಲು ಹಾಕಿ, ರಾತ್ರಿ ಊಟಕ್ಕೆ ಒಲೆ ಹಚ್ಚುವ ಮುಂಚಿನ ಹೊತ್ತಿನಲ್ಲಿ ಮಾತ್ರ ಹೆಂಗಸರು ಸಭೆಗೆ ಸಿಗುತ್ತಾರೆ. ಅಂದರೆ ಕಾರ್ಯಕರ್ತೆ ಕತ್ತಲಾದ ಮೇಲೆ ಮನೆಗೆ ಮರಳಬೇಕು. ಗಾಡಿಗೆ ಪೆಟ್ರೋಲ್, ವಿಮೆ, ತಿಂಗಳಿಗೆ ಸರಿಯಾಗಿ ಸಂಬಳ ಇವುಗಳ ಏರ್ಪಾಡಿಲ್ಲದೆ ಅವರಿಂದ ಸೇವಾಭಾವ ಬಯಸುವುದು ಅನ್ಯಾಯ. ಒಂದು ಯೋಜನೆ ಮುಗಿದು ಇನ್ನೊಂದು ಸಿಗುವ ನಡುವಿನ ತಿಂಗಳುಗಳಲ್ಲೇ ಒಳ್ಳೆಯವರು ಕೆಲಸ ಬಿಟ್ಟು ಹೋಗುತ್ತಾರೆ, ಅವರೊಂದಿಗೆ ಊರಿನ ನಂಬಿಕೆಯೂ ಹೋಗುತ್ತದೆ. ವರಮಾನದ ಶೇ. 85ನ್ನು ವರ್ಷದೊಳಗೆ ಉದ್ದೇಶಕ್ಕೆ ವಿನಿಯೋಗಿಸಬೇಕೆಂಬ ತೆರಿಗೆ ನಿಯಮ ಉಳಿದ ಶೇ. 15ನ್ನು ಕೂಡಿಡಲು ಬಿಡುತ್ತದೆ. ಷರತ್ತಿಲ್ಲದ ದೇಣಿಗೆಯಲ್ಲಿ ಅಷ್ಟನ್ನಾದರೂ ಮೀಸಲು ನಿಧಿಯಾಗಿ ಬೆಳೆಸಿ, ಸಂಬಳಕ್ಕೆ ಕಾಯ್ದಿಡಬೇಕು.

ಊರು ಬಿಡುವ ತಯಾರಿಗೆ ಸುಮಾರು ಎರಡು ವರ್ಷ ಬೇಕು. ಮೈರಾಡಾ ತನ್ನ ಹಳೆಯ ಊರುಗಳಲ್ಲಿ ನೂರಕ್ಕೂ ಹೆಚ್ಚು ಸ್ವಸಹಾಯ ಸಂಘಗಳನ್ನು ಸೇರಿಸಿ ಸಮುದಾಯ ನಿರ್ವಹಿತ ಸಂಪನ್ಮೂಲ ಕೇಂದ್ರಗಳನ್ನು ತೆರೆಯಿತು. ಲೆಕ್ಕ ತಪಾಸಣೆ, ತರಬೇತಿ, ಬ್ಯಾಂಕಿನ ಓಡಾಟಕ್ಕೆ ಸಂಘಗಳೇ ಶುಲ್ಕ ಕೊಡುತ್ತವೆ. ಶುಲ್ಕ ಕೊಡಲು ಸಂಘಗಳು ಮುಂದೆ ಬಂದರೆ ಆ ಸೇವೆ ಬೇಕಾಗಿತ್ತು ಎಂದರ್ಥ. ಹೊರಡುವ ಮೊದಲು ಕಟ್ಟೆಗಳನ್ನು ಪಂಚಾಯಿತಿಯ ಆಸ್ತಿ ವಹಿಯಲ್ಲಿ ಬರೆಸಬೇಕು. ಕೋಡಿ, ತೂಬು ನೋಡಿಕೊಳ್ಳುವ ನೀರುಗಂಟಿಗೆ ಯಾವ ಹಣದಿಂದ ಎಷ್ಟು ಎಂಬುದನ್ನು ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಿಸಬೇಕು. ನಕ್ಷೆ, ಪಾಸ್‌ಬುಕ್ ಸಂಘದ ಪೆಟ್ಟಿಗೆಗೆ ಸೇರಬೇಕು. ಬಿಟ್ಟು ಮೂರು ಮಳೆಗಾಲ ಕಳೆದ ಮೇಲೆ ಮರಳಿ ಬಂದು, ಯಾವ ಬದು ಉಳಿದಿದೆ, ಯಾವ ಸಂಘ ಸೇರುತ್ತಿದೆ ಎಂದು ನೋಡುವ ಖರ್ಚನ್ನು ಮೊದಲ ವರ್ಷದ ಬಜೆಟ್ಟಿನಲ್ಲೇ ಕೇಳಿ ಇಟ್ಟುಕೊಳ್ಳಿ; ಆಮೇಲೆ ಕೇಳಿದರೆ ಯಾವ ದಾನಿಯೂ ಅದಕ್ಕೆ ಹಣ ಕೊಡುವುದಿಲ್ಲ.