ಬಸ್ ಮಾಲೀಕರು ಕೇಳಿದ ವಿಮಾನ

ನಮ್ಮ ಅಬ್ಬಾ ಮ್ಯಾಕ್ಸಿಕ್ಯಾಬ್ ಓಡಿಸುತ್ತಾರೆ. ರಾತ್ರಿ ಊಟವಾದ ಮೇಲೆ ಅಂದಿನ ಡೀಸೆಲ್, ಟೋಲ್, ಪಂಕ್ಚರ್, ಕಲೆಕ್ಷನ್ ಎಲ್ಲವನ್ನೂ ಒಂದು ಡೈರಿಯಲ್ಲಿ ಬರೆದಿಡುತ್ತಾರೆ. ನಾನು ಕಾಮರ್ಸ್ ಸೇರಿದ ಮೇಲೆ ಅದನ್ನು ಕೂಡಿಸುವ ಕೆಲಸ ನನ್ನದಾಗಿದೆ. ಕಳೆದ ತಿಂಗಳು ಖರ್ಚೇ ಹೆಚ್ಚಾಗಿತ್ತು. "ಬ್ರೇಕ್ ಲೈನರ್ ಮುಂದಿನ ತಿಂಗಳು ಹಾಕಿಸಿದರೆ ಆಗಲ್ವಾ ಅಬ್ಬಾ?" ಎಂದು ಕೇಳಿದೆ. ಅವರು ಉತ್ತರ ಕೊಡದೆ ಡೈರಿ ಮುಚ್ಚಿಬಿಟ್ಟರು.

ಆ ಪ್ರಶ್ನೆ ತಲೆಯಲ್ಲಿದ್ದಾಗಲೇ ನಾನು ಒಂದು ಹಳೆಯ ವಿಮಾನದ ಬಗ್ಗೆ ಓದಿದೆ. ವಿಮಾನ ಎಂದರೆ ಸೈನ್ಸ್ ವಿಭಾಗದವರ ವಿಷಯ ಎಂದುಕೊಂಡಿದ್ದೆ. ಆದರೆ ಈ ವಿಮಾನ ಹುಟ್ಟಿದ್ದೇ ಇಂಥ ಡೈರಿಯ ಲೆಕ್ಕದಿಂದ. ಅದರ ಹೆಸರು ಡಿ ಹ್ಯಾವಿಲ್ಯಾಂಡ್ ಡಿ.ಎಚ್.84 ಡ್ರ್ಯಾಗನ್.

1930ರ ಸುಮಾರಿಗೆ ಇಂಗ್ಲೆಂಡಿನಲ್ಲಿ ವಿಮಾನ ಪ್ರಯಾಣ ಶ್ರೀಮಂತರಿಗೆ ಮಾತ್ರ ಎಟುಕುತ್ತಿತ್ತು. ಇಂಪೀರಿಯಲ್ ಏರ್‌ವೇಸ್ ಎಂಬ ದೊಡ್ಡ ಕಂಪನಿ ನಾಲ್ಕು ಎಂಜಿನ್‌ಗಳ ಭಾರಿ ವಿಮಾನಗಳನ್ನು ಲಂಡನ್ನಿನಿಂದ ಪ್ಯಾರಿಸ್‌ಗೆ ಹಾರಿಸುತ್ತಿತ್ತು. ಅದರಲ್ಲಿ ಊಟ ಬಡಿಸುವವರೂ ಇರುತ್ತಿದ್ದರು. ಕಂಪನಿಗೆ ಸರ್ಕಾರದ ಸಹಾಯಧನವೂ ಇತ್ತು.

ಲಂಡನ್ನಿನ ಪೂರ್ವಕ್ಕೆ, ಎಸೆಕ್ಸ್ ಪ್ರಾಂತ್ಯದಲ್ಲಿ ಎಡ್ವರ್ಡ್ ಹಿಲ್‌ಮನ್ ಎಂಬ ಬಸ್ ಮಾಲೀಕರಿದ್ದರು. ಹೆಚ್ಚು ಓದಿದವರಲ್ಲ. ಬಸ್ಸಿನಲ್ಲಿ ಹೋಗುವಂಥ ಜನರನ್ನೇ ವಿಮಾನ ಹತ್ತಿಸಬೇಕು ಎಂಬುದು ಅವರ ಆಸೆ. 1932ರಲ್ಲಿ ಸಣ್ಣ ವಿಮಾನಗಳಿಂದ ಸೇವೆ ಶುರು ಮಾಡಿದ ಮೇಲೆ, ಪ್ಯಾರಿಸ್‌ವರೆಗೆ ಹೋಗಬಲ್ಲ, ಎರಡು ಎಂಜಿನ್‌ಗಳ, ಅಗ್ಗದ ವಿಮಾನವೊಂದು ಬೇಕೆಂದು ಡಿ ಹ್ಯಾವಿಲ್ಯಾಂಡ್ ಕಂಪನಿಯನ್ನು ಕೇಳಿದರು. ಕಂಪನಿಯ ವಿನ್ಯಾಸಕಾರ ಆರ್ಥರ್ ಹ್ಯಾಗ್ ಅದನ್ನು ರೂಪಿಸಿದರು. 1932ರ ನವೆಂಬರ್ 12ರಂದು ಡ್ರ್ಯಾಗನ್ ಮೊದಲ ಬಾರಿ ಹಾರಿತು.

ಖರ್ಚು ಹೇಗೆ ಇಳಿಸಿದರು ಎಂಬುದೇ ಇಲ್ಲಿನ ಪಾಠ. ಹೊಸ ಎಂಜಿನ್ ತಯಾರಿಸಲು ಹಣ ಸುರಿಯಲಿಲ್ಲ. ಕಂಪನಿಯ ಸಣ್ಣ ವಿಮಾನಗಳಿಗೆ ಆಗಲೇ ಹಾಕುತ್ತಿದ್ದ 130 ಅಶ್ವಶಕ್ತಿಯ ಜಿಪ್ಸಿ ಮೇಜರ್ ಎಂಜಿನ್‌ಗಳನ್ನೇ ಎರಡು ಜೋಡಿಸಿದರು. ವಿಮಾನದ ಒಡಲು ಪ್ಲೈವುಡ್ ಪೆಟ್ಟಿಗೆ, ರೆಕ್ಕೆಗಳಿಗೆ ಬಟ್ಟೆಯ ಹೊದಿಕೆ. ಶೆಡ್ಡಿನಲ್ಲಿ ಜಾಗ ಉಳಿಯಲೆಂದು ರೆಕ್ಕೆಯ ಹೊರಭಾಗವನ್ನು ಮಡಚಬಹುದಿತ್ತು. ಮುಂದೆ ಕೂರುವ ಪೈಲಟ್ ಒಬ್ಬರೇ.

ಈಗ ಲೆಕ್ಕ ನೋಡೋಣ. ಆರು ಪ್ರಯಾಣಿಕರು ಮತ್ತು ತಲಾ 20 ಕಿಲೋ ಲಗೇಜನ್ನು ಹೊತ್ತು ಹಾರಲು ಡ್ರ್ಯಾಗನ್‌ಗೆ ಗಂಟೆಗೆ 13 ಗ್ಯಾಲನ್, ಅಂದರೆ ಸುಮಾರು 59 ಲೀಟರ್ ಪೆಟ್ರೋಲ್ ಸಾಕಾಗುತ್ತಿತ್ತು. ಅದರ ವೇಗ ಗಂಟೆಗೆ ಸುಮಾರು 175 ಕಿ.ಮೀ. ಪ್ಯಾರಿಸ್‌ಗೆ ಹತ್ತಿರಹತ್ತಿರ ಎರಡು ಗಂಟೆ ಎಂದುಕೊಂಡರೆ ಒಟ್ಟು 118 ಲೀಟರ್. ಆರೂ ಸೀಟು ತುಂಬಿದರೆ ತಲೆಗೆ ಸುಮಾರು 20 ಲೀಟರ್. ಮೂರೇ ತುಂಬಿದರೆ ತಲೆಗೆ ಸುಮಾರು 40 ಲೀಟರ್! ಸೀಟು ಖಾಲಿ ಇದ್ದರೂ ಎಂಜಿನ್ ಕುಡಿಯುವುದನ್ನು ಅಷ್ಟಾಗಿ ಕಡಿಮೆ ಮಾಡುವುದಿಲ್ಲ. ಸ್ಥಿರ ವೆಚ್ಚದ ಬಗ್ಗೆ ತರಗತಿಯಲ್ಲಿ ಓದಿದ್ದು ನನಗೆ ಸರಿಯಾಗಿ ಅರ್ಥವಾದದ್ದು ಇಲ್ಲೇ.

1933ರ ಏಪ್ರಿಲ್‌ನಲ್ಲಿ ಹಿಲ್‌ಮನ್ ಅವರ ಪ್ಯಾರಿಸ್ ಸೇವೆ ಆರಂಭವಾಯಿತು. ಬೇರೆಯವರೂ ಡ್ರ್ಯಾಗನ್ ಕೊಂಡರು. ಸ್ಕಾಟ್ಲೆಂಡಿನಲ್ಲಿ 1933ರ ಮೇ 14ರಂದು ಐಲಾ ದ್ವೀಪದ ರೋಗಿಯೊಬ್ಬರನ್ನು ಗ್ಲಾಸ್ಗೋಗೆ ಸಾಗಿಸಿದ ಮೊದಲ ಏರ್ ಆಂಬ್ಯುಲೆನ್ಸ್ ಕೂಡ ಡ್ರ್ಯಾಗನ್ನೇ. ಐರ್ಲೆಂಡಿನ ಏರ್ ಲಿಂಗಸ್ 1936ರ ಮೇ 27ರಂದು ತನ್ನ ಮೊದಲ ಪ್ರಯಾಣಕ್ಕೆ ಹಾರಿಸಿದ್ದೂ ಇದನ್ನೇ. ಬ್ರಿಟನ್ನಿನಲ್ಲಿ 115, ಮಹಾಯುದ್ಧದ ಕಾಲದಲ್ಲಿ ಆಸ್ಟ್ರೇಲಿಯಾದಲ್ಲಿ 87 ಡ್ರ್ಯಾಗನ್‌ಗಳು ತಯಾರಾದವು.

ಇದೇ ಕಂಪನಿಯ ಇನ್ನೊಂದು ಪುಟ್ಟ ವಿಮಾನ ಪುಸ್ ಮಾತ್ ನಮ್ಮ ರಾಜ್ಯಕ್ಕೂ ಬಂದಿತ್ತು. 1932ರ ಅಕ್ಟೋಬರ್‌ನಲ್ಲಿ ಟಾಟಾ ಅಂಚೆ ವಿಮಾನ ಕರಾಚಿ, ಮುಂಬಯಿ ದಾಟಿ ಮದ್ರಾಸಿಗೆ ಹೋದದ್ದು ಬಳ್ಳಾರಿಯ ಮೇಲೆ. ಅದೂ ಸಹಾಯಧನವಿಲ್ಲದೆ ಲೆಕ್ಕ ಸರಿದೂಗಿಸಿಕೊಂಡ ಸೇವೆ.

ಆದರೆ ಹಿಲ್‌ಮನ್ ಕಥೆಯಲ್ಲಿ ಒಂದು ಕಪ್ಪು ದಿನವೂ ಇದೆ. ಡ್ರ್ಯಾಗನ್‌ನ ಮುಂದಿನ ಮಾದರಿ ಡ್ರ್ಯಾಗನ್ ರಾಪಿಡ್ ಅನ್ನು ಅವರು ಕೊಂಡಿದ್ದರು. ಅವುಗಳಲ್ಲಿ ಒಂದು 1934ರ ಅಕ್ಟೋಬರ್ 2ರಂದು ಪ್ಯಾರಿಸ್‌ಗೆ ಹೊರಟು, ಕೆಟ್ಟ ಹವೆಯಲ್ಲಿ ಸಿಕ್ಕಿ ಫೋಕ್‌ಸ್ಟೋನ್ ಬಳಿ ಸಮುದ್ರಕ್ಕೆ ಬಿತ್ತು. ಪೈಲಟ್ ಸೇರಿ ಏಳೂ ಮಂದಿ ತೀರಿಕೊಂಡರು. ಅದೇ ವರ್ಷ ಡಿಸೆಂಬರ್ 31ರಂದು ಹಿಲ್‌ಮನ್ ಕೂಡ ನಿಧನರಾದರು. 1935ರಲ್ಲಿ ಅವರ ಕಂಪನಿ ಬೇರೆ ಕಂಪನಿಗಳ ಜೊತೆ ಸೇರಿ ಬ್ರಿಟಿಷ್ ಏರ್‌ವೇಸ್ ಲಿಮಿಟೆಡ್ ಆಯಿತು.

ಅಗ್ಗದ ಟಿಕೆಟ್ಟಿನಿಂದಲೇ ಆ ವಿಮಾನ ಬಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಆ ಪುಟ ಓದಿದ ಮೇಲೆ ನನ್ನ ಲೆಕ್ಕದ ಬಗ್ಗೆ ನನಗೇ ನಾಚಿಕೆಯಾಯಿತು. ಹಿಲ್‌ಮನ್ ಅವರ ವಿಮಾನದಲ್ಲಿ ಬಿಟ್ಟದ್ದು ಊಟ, ಆಡಂಬರ, ದುಬಾರಿ ಎಂಜಿನ್. ನಾನು ಬಿಡಲು ಹೊರಟಿದ್ದು ಬ್ರೇಕ್! ಎರಡನ್ನೂ "ಉಳಿತಾಯ" ಎಂಬ ಒಂದೇ ಕಾಲಮ್ಮಿನಲ್ಲಿ ಬರೆದರೆ ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತದೆ.

ರಾತ್ರಿ ಅಬ್ಬಾಗೆ ಈ ಕಥೆ ಹೇಳಿದೆ. ಪೂರ್ತಿ ಕೇಳಿ, "ಲೈನರ್ ಆವತ್ತೇ ಹಾಕಿಸಿದೆ ಬೇಟಾ, ಡೈರಿಯಲ್ಲಿ ಬರೆಯೋದು ಮರೆತಿದ್ದೆ. ಈಗ ಬರಕೋ" ಎಂದು ಮೊತ್ತ ಹೇಳಿದರು. ಆ ತಿಂಗಳ ನಷ್ಟ ಇನ್ನೂ ಹೆಚ್ಚಾಯಿತು. ನಾನು ಬರೆದುಕೊಂಡೆ.