ಗಂಡಿಲ್ಲದ ಊರು, ಗಾಜಿನ ಮೈ!

ಒಂದು ಟಬ್ಬು ಹಸಿರು ನೀರು. ಒಳಗೆ ಸಾವಿರಾರು ಜೀವ. ಅದರಲ್ಲಿ ಗಂಡೆಷ್ಟು? ಹೇಳಿ ನೋಡೋಣ!

ಅರ್ಧ? ಕಾಲು ಭಾಗ? ಊಹೂಂ! ಎಲ್ಲ ಸುಖವಾಗಿದ್ದರೆ ಒಂದೂ ಇರಲಿಕ್ಕಿಲ್ಲ. ನೀರುಚಿಗಟ ಎಂಬ ಈ ಪುಟ್ಟ ಜೀವಿಯ ಸಂಸಾರವೇ ಹಾಗೆ. ಗಂಡಿನ ಹಂಗಿಲ್ಲದೆ ಹೆಣ್ಣು ಹೆಣ್ಣನ್ನೇ ಹೆರುತ್ತದೆ. ಆ ಮಗಳು ವಾರದೊಳಗೆ ತಾಯಿ!

ಹೆದರಬೇಡಿ, ಕಚ್ಚುವುದಿಲ್ಲ. ಸೀಗಡಿಯ ದೂರದ ನೆಂಟ ಇದು. ಗಪ್ಪಿ, ಫೈಟರ್ ಮೀನುಗಳಿಗಂತೂ ಹಬ್ಬದೂಟ! ಮೀನಿಗೆಂದು ಸಾಕುವುದಾದರೆ ನಮ್ಮ ಚಿಕ್ಕಯ್ಯನಛತ್ರದ ಬಿಸಿಲಿಗೆ ಮೊಯ್ನಾ ಜಾತಿಯ ನೀರುಚಿಗಟವೇ ಸರಿ. 30 ಡಿಗ್ರಿಗೂ ಜಗ್ಗದು.

ಒಂದನ್ನು ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಅಬ್ಬಬ್ಬಾ! ಮೈಯೆಲ್ಲ ಗಾಜು! ಹೃದಯ ಪಟಪಟ ಬಡಿಯುವುದು ಕಾಣುತ್ತದೆ. ಕರುಳು ಕಾಣುತ್ತದೆ. ಬೆನ್ನಿನ ಚೀಲದಲ್ಲಿ ಮರಿ ಹೊರಳುವುದೂ ಕಾಣುತ್ತದೆ! ಇಂಥದೇ ಮೈಯೊಳಗೆ ರಕ್ತಕಣಗಳು ರೋಗಾಣುಗಳ ಮೇಲೆ ಮುಗಿಬೀಳುವುದನ್ನು ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಕಂಡು 1884ರಲ್ಲಿ ಬರೆದ. 1908ರಲ್ಲಿ ಅವನಿಗೆ ನೊಬೆಲ್‌ನಲ್ಲಿ ಪಾಲು ಸಿಕ್ಕಿತು!

ನಮಗೆ ನೊಬೆಲ್ ಬೇಡ, ಟಬ್ಬು ಚೆನ್ನಾಗಿದ್ದರೆ ಸಾಕು ಅಂತೀರಾ? ಅದರ ಸುದ್ದಿಯೂ ಆ ಮೈಯಲ್ಲೇ ಇದೆ! ಕರುಳು ಹಸಿರೇ? ಹೊಟ್ಟೆ ತುಂಬಿದೆ. ಮೈ ಕೆಂಪಾಯಿತೇ? ನೀರಲ್ಲಿ ಆಮ್ಲಜನಕ ಸಾಲದು! ಪಾಪ, ಹಿಮೋಗ್ಲೋಬಿನ್ ಹೆಚ್ಚಿಸಿಕೊಂಡು ಏಗುತ್ತಿವೆ. ಬಹುಶಃ ನೀವು ಮೇವಿನ ಯೀಸ್ಟ್ ಸುರಿದುಬಿಟ್ಟಿರಿ. ಚಿಟಿಕೆ ಸಾಕು ಸ್ವಾಮಿ! ನೀರು ತಿಳಿಯಾದ ಮೇಲಷ್ಟೇ ಮತ್ತೊಂದು ಚಿಟಿಕೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದೆರಡು ದಿನ ತೆರೆದಿಡಿ. ಸೊಳ್ಳೆ ಮೊಟ್ಟೆಯಿಡದಂತೆ ಟಬ್ಬಿಗೆ ತೆಳುಬಟ್ಟೆ ಕಟ್ಟಿ. ಆಗಾಗ ಬಲೆ ಹಾಕಿ ಮೀನಿಗೆ ಬಡಿಸುತ್ತಿರಿ, ಸಂಖ್ಯೆ ಮಿತಿಮೀರಬಾರದು.

ಮೀರಿದರೆ? ಆಗ ಹುಟ್ಟುತ್ತಾನೆ ಗಂಡು! ಕೂಡಿದ ಹೆಣ್ಣಿನ ಬೆನ್ನ ಮೇಲೆ ಕಪ್ಪು ಕವಚ ಮೂಡುತ್ತದೆ. ಒಳಗೆ ಒಂದೋ ಎರಡೋ ಮೊಟ್ಟೆ, ಅಷ್ಟೆ. ಆದರೆ ಎಂಥ ಮೊಟ್ಟೆ! ಬೇಸಿಗೆಯಲ್ಲಿ ಕಟ್ಟೆ ಬತ್ತಿ ಕೆಸರು ಬಿರಿದರೂ ಸಾಯದು. ಮಳೆ ಬಿದ್ದು ನೀರು ನಿಂತಿತೋ, ಮರಿ ಹೊರಗೆ!

ಎಷ್ಟು ಕಾಲ ಹೀಗೆ ಮಲಗಿರಬಲ್ಲದು? ಹತ್ತು ವರ್ಷ? ಐವತ್ತು? ಇನ್ನೂ ಮೇಲೆ ಹೋಗಿ!

ಅಮೆರಿಕದ ಮಿನೆಸೋಟದಲ್ಲಿ ಸರೋವರವೊಂದರ ಹೂಳಿನಿಂದ ವಿಜ್ಞಾನಿಗಳು ಡಾಫ್ನಿಯಾ ಎಂಬ ಜಾತಿಯ ನೀರುಚಿಗಟದ ಮೊಟ್ಟೆಗಳನ್ನು ತೆಗೆದು ಮರಿ ಮಾಡಿಸಿದರು. 2014ರಲ್ಲಿ ಸುದ್ದಿ ಹೊರಬಂತು. ಮೊಟ್ಟೆಯ ವಯಸ್ಸು ಸುಮಾರು 700 ವರ್ಷ! ನಮ್ಮ ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಗುಡಿ ಇನ್ನೂ ಹೊಸದಾಗಿದ್ದಾಗ ಇಟ್ಟ ಮೊಟ್ಟೆ!

ಆದ್ದರಿಂದ ಟಬ್ಬಿನ ತಳದ ಕಪ್ಪು ಚುಕ್ಕೆಗಳನ್ನು, ಅಂದರೆ ಆ ಮೊಟ್ಟೆಯ ಕವಚಗಳನ್ನು, ಚೆಲ್ಲೀರಿ, ಜೋಕೆ! ನೆರಳಲ್ಲಿ ಒಣಗಿಸಿ ಡಬ್ಬಿಗೆ ಹಾಕಿ, ತಾರೀಖು ಬರೆದಿಡಿ. ಟಬ್ಬಿನದೆಲ್ಲ ಒಂದು ದಿನ ಸತ್ತುಹೋದರೂ ಹೊಸ ನೀರಿಗೆ ಆ ಪುಡಿ ಉದುರಿಸಿ ಮತ್ತೆ ಶುರುಮಾಡಬಹುದು!