ಟ್ರ್ಯಾಕ್ಟರ್ ನಿಂತರೆ ಮೊದಲು ಟಾಕಿಯಿಂದ ನೋಡಿರಿ

ಹಿಂಗಾರಿಯ ಹದವು ಯಾರಿಗಾಗಿಯೂ ಕಾಯುವುದಿಲ್ಲ. ಉತ್ತರೆ, ಹಸ್ತೆಯ ಮಳೆ ಬಿದ್ದು ಎರೆಭೂಮಿಯು ಬಿತ್ತನೆಗೆ ಬಂದಾಗ ನಮ್ಮ ಕೈಗೆ ದೊರೆಯುವುದು ಕೆಲವೇ ದಿವಸ. ಆ ದಿವಸಗಳಲ್ಲಿ ಬಿಳಿಜೋಳ, ಕಡಲೆ ಬಿತ್ತಿದವನ ಹೊಲ ಹಸಿರಾದೀತು. ತಡಮಾಡಿದವನ ಬೀಜ ಒಣಮಣ್ಣಿಗೆ ಬಿದ್ದೀತು. ಹಿಂದಕ್ಕೆ ಎತ್ತು ಕುಂಟಿದರೆ ನೆರೆಯವನ ಜೋಡಿಯನ್ನು ಬೇಡಿ ತರುತ್ತಿದ್ದೆವು. ಈಗ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ನಮ್ಮ ಹಳ್ಳಿಗಳಲ್ಲಿ ಒಂದೊಂದು ಟ್ರ್ಯಾಕ್ಟರನ್ನು ನೆಚ್ಚಿಕೊಂಡು ಹಲವು ಹೊಲಗಳು ಕಾದಿರುತ್ತವೆ. ಅದು ನಡುಹೊಲದಲ್ಲಿ ನಿಂತಿತೆಂದರೆ ಒಬ್ಬನ ಕೆಲಸವಲ್ಲ, ಓಣಿಯ ಕೆಲಸವೇ ನಿಂತಂತೆ.

ಆಗ ನಮ್ಮವರು ಮಾಡುವುದೇನು? ಬ್ಯಾಟರಿ ಬಡವಾಗುವತನಕ ಸೆಲ್ಫ್ ಹೊಡೆಯುವುದು. ಆಮೇಲೆ ನಾಲ್ಕು ಜನ ಸೇರಿ ನೂಕುವುದು. ಅದೂ ಆಗದಿದ್ದರೆ ಕೈಗೆ ಸಿಕ್ಕ ಪಾನಾ ಹಿಡಿದು ಸಿಕ್ಕ ನಟ್ಟನ್ನು ಬಿಚ್ಚುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಇಂಥದಕ್ಕೇ ಹುಟ್ಟಿರಬೇಕು. ಚೆನ್ನಾಗಿ ನಡೆಯುತ್ತಿದ್ದ ಡೀಸೆಲ್ ಟ್ರ್ಯಾಕ್ಟರ್ ಒಮ್ಮೆಲೇ ನಿಂತಾಗ ಬಹಳ ಸಲ ಇಂಜಿನ್ ಕೆಟ್ಟಿರುವುದಿಲ್ಲ. ಇಂಜಿನ್ನಿಗೆ ಡೀಸೆಲ್ ಮುಟ್ಟಿರುವುದಿಲ್ಲ. ಏಕೆ ಮುಟ್ಟಲಿಲ್ಲವೆಂಬುದನ್ನು ಕ್ರಮವಾಗಿ ಹುಡುಕಿದರೆ ಅರ್ಧ ತಾಸಿನಲ್ಲಿ ಗೊತ್ತಾದೀತು. ಟ್ರ್ಯಾಕ್ಟರಿನ ಜೊತೆಗೆ ಬರುವ ಪುಸ್ತಕವು ನಮ್ಮ ಭಾಷೆಯಲ್ಲಿ ಇಲ್ಲದಾಗ ಅದನ್ನು ಓದುವವರು ಕಡಿಮೆ. ಆದುದರಿಂದ ಆ ಕ್ರಮವನ್ನು ಇಲ್ಲಿ ವಿವರಿಸಬೇಕೆಂದಿದ್ದೇವೆ.

ಡೀಸೆಲ್ಲಿನ ಹಾದಿ

ಗದ್ದೆಗೆ ನೀರು ಬಾರದಿದ್ದರೆ ಬಲ್ಲ ರೈತನು ಬೆಳೆಯನ್ನು ಬೈಯುವುದಿಲ್ಲ. ಕೆರೆಗೆ ಹೋಗಿ ತೂಬನ್ನು ನೋಡುತ್ತಾನೆ, ಅಲ್ಲಿಂದ ಕಾಲುವೆಗುಂಟ ನಡೆದು ಬರುತ್ತಾನೆ. ಟ್ರ್ಯಾಕ್ಟರಿನಲ್ಲಿಯೂ ಹಾಗೆಯೇ ನಡೆಯಬೇಕು. ಟಾಕಿಯೇ ಕೆರೆ. ಅದರ ಕೆಳಗಿನ ನಲ್ಲಿಯೇ ತೂಬು. ಅಲ್ಲಿಂದ ಡೀಸೆಲ್ಲು ಕಸ ಮತ್ತು ನೀರು ತಂಗುವ ಬಟ್ಟಲಿಗೆ, ಅಲ್ಲಿಂದ ಫೀಡ್ ಪಂಪಿಗೆ ಬರುತ್ತದೆ. ಫೀಡ್ ಪಂಪು ಅದನ್ನು ಎಳೆದು ಫಿಲ್ಟರುಗಳ ಮೂಲಕ ದೊಡ್ಡ ಪಂಪಿಗೆ ಕಳಿಸುತ್ತದೆ. ದೊಡ್ಡ ಪಂಪು ಉಕ್ಕಿನ ಸಣ್ಣ ಕೊಳವೆಗಳಿಂದ ನಾಜಲ್ಲುಗಳಿಗೆ ಒತ್ತುತ್ತದೆ. ನಾಜಲ್ಲು ಅದನ್ನು ಮಂಜಿನಂತೆ ಇಂಜಿನ್ನಿನೊಳಗೆ ಸಿಂಪಡಿಸುತ್ತದೆ. ಟಾಕಿಯಿಂದ ನಾಜಲ್ಲಿನವರೆಗೆ ಕ್ರಮವಾಗಿ ಬರಬೇಕೇ ಹೊರತು ನಾಜಲ್ಲಿನಿಂದ ಹಿಂದಕ್ಕೆ ಹೋಗಬಾರದು. ಏಕೆಂದರೆ ಮೊದಲಿನ ಭಾಗಗಳು ಅಗ್ಗ, ಸುಲಭ. ಕೊನೆಯವು ತುಟ್ಟಿ, ನಾಜೂಕು.

ಹೊಗೆಯನ್ನು ಓದಿರಿ

ಪಾನಾ ಹಿಡಿಯುವ ಮೊದಲು ಒಬ್ಬನನ್ನು ಸೀಟಿನ ಮೇಲೆ ಕೂಡ್ರಿಸಿ, ಗೇರು ತಪ್ಪಿಸಿ, ಬ್ರೇಕು ಬಿಗಿದು ಸೆಲ್ಫ್ ಹೊಡೆಯಹೇಳಿರಿ. ನೀವು ಹೊಗೆಕೊಳವೆಯನ್ನು ನೋಡಿರಿ. ಇಂಜಿನ್ ತಿರುಗುತ್ತಿದ್ದು ಹೊಗೆಯೇ ಬಾರದಿದ್ದರೆ ಡೀಸೆಲ್ಲು ಒಳಗೆ ಹೋಗುತ್ತಿಲ್ಲವೆಂದು ತಿಳಿಯಿರಿ. ಬಿಳಿ ಹೊಗೆ ಬಂದರೆ ಡೀಸೆಲ್ಲು ಹೋಗುತ್ತಿದೆ, ಆದರೆ ಉರಿಯುತ್ತಿಲ್ಲ. ಚಳಿ, ಇಂಜಿನ್ನಿನ ಒತ್ತಡ ಕಡಿಮೆಯಾಗಿರುವುದು, ಡೀಸೆಲ್ಲಿನಲ್ಲಿ ನೀರು ಇವುಗಳಲ್ಲಿ ಯಾವುದೊಂದಾದರೂ ಕಾರಣವಿರಬಹುದು. ನಡೆಯುತ್ತಿರುವಾಗ ಕಪ್ಪು ಹೊಗೆ ಬಂದು ಬಲ ಕುಗ್ಗಿದರೆ ಡೀಸೆಲ್ಲನ್ನು ದೂರುವ ಮೊದಲು ಹವೆ ಸೋಸುವ ಏರ್ ಕ್ಲೀನರನ್ನು ನೋಡಿರಿ. ನಮ್ಮ ಧೂಳಿನಲ್ಲಿ ಅದು ಬೇಗ ಕಟ್ಟುತ್ತದೆ.

ಸೆಲ್ಫನ್ನು ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಕೂಡದು. ನಡುನಡುವೆ ಒಂದೆರಡು ನಿಮಿಷ ಬಿಡಬೇಕು. ಇಲ್ಲವಾದರೆ ಡೀಸೆಲ್ಲಿನ ತೊಂದರೆಯ ಜೊತೆಗೆ ಬ್ಯಾಟರಿಯ ತೊಂದರೆಯೂ ಕೂಡಿಕೊಳ್ಳುವುದು.

ಟಾಕಿ ಮತ್ತು ಮುಚ್ಚಳ

ಮೊದಲು ಇಂಜಿನ್ ಬಂದ್ ಮಾಡುವ ಗುಂಡಿಯನ್ನು ನೋಡಿರಿ. ಅದನ್ನು ಎಳೆದು ಹಾಗೆಯೇ ಬಿಟ್ಟಿದ್ದರೆ, ಅಥವಾ ಅದರ ತಂತಿ ಸಿಕ್ಕಿಕೊಂಡಿದ್ದರೆ, ಎಷ್ಟು ಸೆಲ್ಫ್ ಹೊಡೆದರೂ ವ್ಯರ್ಥ. ಬಳಿಕ ಟಾಕಿಯಲ್ಲಿ ಡೀಸೆಲ್ಲು ಇದೆಯೇ, ನಲ್ಲಿ ಪೂರ್ತಿ ತೆರೆದಿದೆಯೇ ನೋಡಿರಿ. ಮುಳ್ಳು ತೋರಿಸುವುದನ್ನು ನಂಬದೆ ಒಂದು ಶುದ್ಧ ಕಡ್ಡಿ ಅದ್ದಿ ನೋಡುವುದು ಲೇಸು.

ಇನ್ನು ಮುಚ್ಚಳದ ಸಂಗತಿ. ಡೀಸೆಲ್ಲು ಕೆಳಗೆ ಇಳಿದಷ್ಟು ಹವೆ ಮೇಲಿನಿಂದ ಟಾಕಿಗೆ ಹೋಗಬೇಕು. ಇದಕ್ಕಾಗಿ ಬಹಳ ಟ್ರ್ಯಾಕ್ಟರುಗಳ ಮುಚ್ಚಳದಲ್ಲಿ ಸಣ್ಣ ರಂಧ್ರವಿರುತ್ತದೆ. ಅದು ಮಣ್ಣಿನಿಂದ ಮುಚ್ಚಿದರೆ ಟ್ರ್ಯಾಕ್ಟರ್ ಹತ್ತು ಹದಿನೈದು ನಿಮಿಷ ನೆಟ್ಟಗೆ ನಡೆದು ನಿಲ್ಲುತ್ತದೆ. ತುಸು ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ಅಕ್ಕಲಕೋಟೆಯ ಕಡೆ ಒಂದು ಊರಿನಲ್ಲಿ ಹೀಗೆಯೇ ಎರಡು ದಿವಸ ಬಿತ್ತನೆ ನಿಂತದ್ದನ್ನು ನಾವು ನೋಡಿದ್ದೇವೆ. ಪಂಪು ಬಿಚ್ಚಿಸಬೇಕೆಂದು ಮಾತು ನಡೆದಿತ್ತು. ಟ್ರೇಲರ್ ಮೇಲೆ ಕುಳಿತಿದ್ದ ಹುಡುಗನೊಬ್ಬನು, “ಕಾಕಾ, ನಿಂತಕೂಡಲೆ ಒಮ್ಮೆ ಟಾಕೀ ಮುಚ್ಚಳ ತಗದ ನೋಡ್ರಿ” ಎಂದನು. ತೆಗೆದಾಗ ಟಾಕಿಯು ಸುಯ್ ಎಂದು ಹವೆಯನ್ನು ಎಳೆದುಕೊಂಡಿತು. ರಂಧ್ರಕ್ಕೆ ಸಣ್ಣ ತಂತಿ ಹಾಕಿ ಕೆದರಿದ್ದೇ ಔಷಧವಾಯಿತು. ಅದಕ್ಕೆ ಒಂದು ಕಾಸೂ ಹಿಡಿಯಲಿಲ್ಲ; ಕಳೆದ ಎರಡು ದಿವಸದ ಹಸಿ ಮಾತ್ರ ತಿರುಗಿ ಬರಲಿಲ್ಲ.

ನೀರು ಮತ್ತು ಕಸ

ನೀರು ಡೀಸೆಲ್ಲಿಗಿಂತ ಭಾರ. ಆದುದರಿಂದ ಟಾಕಿಯ ತಳಕ್ಕೆ, ಬಟ್ಟಲಿನ ತಳಕ್ಕೆ ಇಳಿಯುತ್ತದೆ. ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ತುಸು ಡೀಸೆಲ್ಲನ್ನು ಗಾಜಿನ ಬಾಟಲಿಗೆ ಹಿಡಿದು ಅರ್ಧ ತಾಸು ಅಲುಗಿಸದೆ ಇಡಿರಿ. ನೀರಿದ್ದರೆ ತಳದಲ್ಲಿ ಬೇರೆ ಪದರಾಗಿ ನಿಲ್ಲುತ್ತದೆ. ಕಂಡುಬಂದರೆ ಶುದ್ಧ ಡೀಸೆಲ್ಲು ಬರುವತನಕ ಹರಿಯಬಿಡಿರಿ. ಅದನ್ನು ನೆಲಕ್ಕೆ ಚೆಲ್ಲದೆ ಡಬ್ಬಿಯಲ್ಲಿ ಹಿಡಿಯಿರಿ. ಹತ್ತಿರ ಯಾರೂ ಬೀಡಿ ಸೇದಕೂಡದು.

ಟ್ರ್ಯಾಕ್ಟರ್ ಸುಮ್ಮನೆ ನಿಂತಾಗ ಚೆನ್ನಾಗಿ ನಡೆದು, ರಂಟೆ ಇಳಿಸಿದೊಡನೆ ದಣಿದಂತಾದರೆ ಫಿಲ್ಟರು ಕಟ್ಟಿರುವ ಸಂಭವ ಹೆಚ್ಚು. ಕಡಿಮೆ ಡೀಸೆಲ್ಲು ಸಾಕಾಗುವಾಗ ಕಟ್ಟಿದ ಫಿಲ್ಟರು ಹೇಗೋ ಸಾಗಿಸುತ್ತದೆ. ಹೆಚ್ಚು ಬೇಕಾದಾಗ ಕೈಬಿಡುತ್ತದೆ. ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕುವ ಜಿಪುಣತನ ಬೇಡ. ತೊಳೆದಾಗ ಅದರ ಕಾಗದ ಹರಿದು ಕಸವು ನೇರವಾಗಿ ಪಂಪಿಗೆ ಹೋಗುತ್ತದೆ. ಪುಸ್ತಕದಲ್ಲಿ ಹೇಳಿದಷ್ಟು ತಾಸುಗಳಿಗೆ ಹೊಸದನ್ನು ಹಾಕಿಸಿರಿ.

ಹವೆ ಸೇರಿದಾಗ

ಟಾಕಿ ಬರಿದಾಗುವತನಕ ಓಡಿಸಿದಾಗ, ಫಿಲ್ಟರು ಬದಲಿಸಿದಾಗ, ಕೊಳವೆ ಸೀಳಿದಾಗ ಡೀಸೆಲ್ಲಿನ ಹಾದಿಯಲ್ಲಿ ಹವೆ ಸೇರುತ್ತದೆ. ‘ಏರ್ ಹಿಡಿದಿದೆ’ ಎಂದು ಮಿಸ್ತ್ರಿಗಳು ಹೇಳುವುದು ಇದಕ್ಕೇ. ಡೀಸೆಲ್ಲನ್ನು ಒತ್ತಿದರೆ ಮುಂದಕ್ಕೆ ಸರಿಯುತ್ತದೆ. ಹವೆಯನ್ನು ಒತ್ತಿದರೆ ಅದು ಕುಗ್ಗುತ್ತದೆ, ನಾಜಲ್ಲನ್ನು ತೆರೆಯುವುದಿಲ್ಲ. ಇಂಜಿನ್ನಿನ ಸದ್ದು ಏರುತ್ತ ಇಳಿಯುತ್ತ ಇದ್ದು ಕೊನೆಗೆ ನಿಂತರೆ ಹವೆಯ ಗುಮಾನಿ ಪಡಬೇಕು.

ಹವೆ ತೆಗೆಯುವ ಕ್ರಮ ಹೀಗಿದೆ. ಟಾಕಿಗೆ ಡೀಸೆಲ್ಲು ತುಂಬಿ ನಲ್ಲಿ ತೆರೆಯಿರಿ. ಫಿಲ್ಟರಿನ ಸುತ್ತಲಿನ ಮಣ್ಣನ್ನು ಒರೆಸಿ ತೆಗೆಯಿರಿ. ಮೊದಲನೆಯ ಫಿಲ್ಟರಿನ ಮೇಲಿನ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸಿ, ಫೀಡ್ ಪಂಪಿನ ಮೇಲಿರುವ ಕೈಪಂಪನ್ನು ಒತ್ತುತ್ತ ಹೋಗಿರಿ. ನೊರೆ, ಗುಳ್ಳೆ ಬರುತ್ತವೆ. ಗುಳ್ಳೆ ನಿಂತು ಶುದ್ಧ ಧಾರೆ ಬಂದಾಗ, ಕೈಪಂಪನ್ನು ಒತ್ತುತ್ತಿರುವಂತೆಯೇ ಸ್ಕ್ರೂ ಬಿಗಿಯಿರಿ. ಆಮೇಲೆ ಎರಡನೆಯ ಫಿಲ್ಟರು, ಆಮೇಲೆ ದೊಡ್ಡ ಪಂಪಿನ ಮೇಲಿನ ಸ್ಕ್ರೂ, ಇದೇ ಅನುಕ್ರಮ. ಕೈಪಂಪನ್ನು ತಿರುಗಿ ಭದ್ರಪಡಿಸಿ ಸೆಲ್ಫ್ ಹೊಡೆಯಿರಿ.

ಎಷ್ಟು ಒತ್ತಿದರೂ ಗುಳ್ಳೆ ನಿಲ್ಲದಿದ್ದರೆ ಟಾಕಿಗೂ ಫೀಡ್ ಪಂಪಿಗೂ ನಡುವೆ ಎಲ್ಲಿಯೋ ಹವೆ ಒಳಸೇರುತ್ತಿದೆ. ಈ ಭಾಗವು ಎಳೆಯುವ ಭಾಗವಾದ್ದರಿಂದ ಹೊರಗೆ ಒಂದು ಹನಿಯೂ ಕಾಣದೆ ಹವೆ ನುಗ್ಗಬಹುದು. ಫೀಡ್ ಪಂಪಿನ ಮುಂದಿನದು ಒತ್ತುವ ಭಾಗ. ಅಲ್ಲಿ ತೂತಿದ್ದರೆ ಡೀಸೆಲ್ಲು ಸುರಿದು ತಾನೇ ತೋರಿಸಿಕೊಡುತ್ತದೆ. ರಬ್ಬರಿನ ಕೊಳವೆಯ ಸೀಳು, ಸಡಿಲಾದ ಪಟ್ಟಿ, ಹಳೆಯ ತಾಮ್ರದ ವಾಷರ್ ಇವನ್ನು ನೋಡಿರಿ. ವಾಷರಿನ ಬೆಲೆ ಅಲ್ಪ. ಎರಡು ಮೂರು ಯಾವಾಗಲೂ ಪೆಟ್ಟಿಗೆಯಲ್ಲಿರಲಿ.

ಇಲ್ಲಿಂದ ಮುಂದೆ ಕೈ ಹಚ್ಚಬೇಡಿರಿ

ಇಷ್ಟೆಲ್ಲ ಮಾಡಿಯೂ ಇಂಜಿನ್ ಹೊರಡದಿದ್ದರೆ ಮಿಸ್ತ್ರಿಯನ್ನು ಕರೆಯಿರಿ. ದೊಡ್ಡ ಪಂಪನ್ನು ಹೊಲದಲ್ಲಿ ಬಿಚ್ಚುವುದೆಂದರೆ ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಹಳೆಯ ಟ್ರ್ಯಾಕ್ಟರುಗಳವರು ಅದನ್ನು ‘ಮೈಕೊ ಪಂಪು’ ಎಂದೇ ಕರೆಯುತ್ತಾರೆ. ಬೆಂಗಳೂರಿನ ಆಡುಗೋಡಿಯ ಕಾರಖಾನೆಯಿಂದ ಮನೆಮಾತಾದ ಮೈಕೊ ಕಂಪನಿಯು ಸ್ಥಾಪನೆಯಾದದ್ದು 1951ರಲ್ಲಿ. 2008ರಲ್ಲಿ ಅದಕ್ಕೆ ಬಾಷ್ ಎಂದು ಹೆಸರಾಯಿತು. ಆ ಪಂಪಿನೊಳಗೆ ಉಕ್ಕಿನ ಕಡ್ಡಿಯೊಂದು ಉಕ್ಕಿನ ಗೂಡಿನಲ್ಲಿ ಆಡುತ್ತದೆ. ಎರಡರ ನಡುವಿನ ಸಂದು ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅವುಗಳಲ್ಲಿ ಎರಡು ಮೂರು ಪಾಲಿನಷ್ಟು ಮಾತ್ರ. ತಲೆಗೂದಲು ಇದಕ್ಕಿಂತ ಎಷ್ಟೋ ಪಟ್ಟು ದಪ್ಪ. ಹೊಲದ ಧೂಳಿನ ಒಂದು ಕಣ ಅಲ್ಲಿ ಹೊಕ್ಕರೆ ಉಕ್ಕನ್ನು ಕೆರೆದು ಹಾಕುತ್ತದೆ. ಡೀಸೆಲ್ಲೇ ಈ ಪಂಪಿಗೆ ಎಣ್ಣೆಯ ಕೆಲಸವನ್ನೂ ಮಾಡುವುದರಿಂದ, ಅಗ್ಗವೆಂದು ಸೀಮೆಎಣ್ಣೆ ಬೆರೆಸುವುದು ಅದನ್ನು ಕೈಯಾರೆ ಸವೆಸಿದಂತೆಯೇ.

ಜೀವಕ್ಕೆ ಸಂಬಂಧಿಸಿದ ಇನ್ನೊಂದು ಮಾತು. ಹಿಂದಿನ ದೊಡ್ಡ ಗಾಲಿಯಲ್ಲಿ ಹವೆಯ ಒತ್ತಡವು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. ನಾಜಲ್ಲಿನಲ್ಲಿ ಅದು ಹಳೆಯ ಮಾದರಿಗಳಲ್ಲಿಯೂ 200 ಕಿಲೋದ ಸುತ್ತಮುತ್ತ ಇರುತ್ತದೆ. ಆ ಧಾರೆಯು ಚರ್ಮವನ್ನು ಸೂಜಿಯಂತೆ ಚುಚ್ಚಿ ಒಳಹೋಗುತ್ತದೆ. ಸೋರಿಕೆಯನ್ನು ಕೈಯಿಂದ ಮುಟ್ಟಿ ನೋಡಲೇಕೂಡದು; ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಒಂದು ವೇಳೆ ಚುಚ್ಚಿದರೆ ಗಾಯ ಸಣ್ಣದೆಂದು ಅರಿಸಿಣ ಹಚ್ಚಿ ಸುಮ್ಮನಿರದೆ, ನೋವಿಲ್ಲದಿದ್ದರೂ ಆ ಕ್ಷಣವೇ ದವಾಖಾನೆಗೆ ಹೋಗಿ, ಡೀಸೆಲ್ಲು ಚರ್ಮದೊಳಗೆ ಹೊಕ್ಕಿದೆಯೆಂದು ಸ್ಪಷ್ಟವಾಗಿ ಹೇಳಬೇಕು. ತಡಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

2023ರ ಜನವರಿ 1ರಿಂದ 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಹೊಗೆಯ ಹೊಸ ನಿಯಮ ಬಂದಿದೆ. ಅದಕ್ಕಾಗಿ ತಯಾರಾದ ಹಲವು ಯಂತ್ರಗಳಲ್ಲಿ ‘ಕಾಮನ್ ರೇಲ್’ ಎಂಬ ವ್ಯವಸ್ಥೆಯಿದ್ದು ಅಲ್ಲಿಯ ಒತ್ತಡ ಸಾವಿರ ಕಿಲೋವನ್ನು ಮೀರುತ್ತದೆ. ಅಂಥ ಟ್ರ್ಯಾಕ್ಟರಿನಲ್ಲಿ ನಾಜಲ್ಲಿನ ನಟ್ಟನ್ನು ಎಂದೂ ಸಡಿಲಿಸಬಾರದು. ಟಾಕಿ, ಮುಚ್ಚಳ, ನೀರಿನ ಬಟ್ಟಲು ನೋಡಿ ಅಲ್ಲಿಗೇ ನಿಲ್ಲಿಸಿ ಕಂಪನಿಯ ಮಿಸ್ತ್ರಿಗೆ ಹೇಳಿ ಕಳಿಸಿರಿ.

ಬರುವ ಮೊದಲೇ ತಡೆಯಿರಿ

ಸಂಜೆ ಕೆಲಸ ಮುಗಿದೊಡನೆ ಟಾಕಿ ತುಂಬಿಸಿಡಿರಿ. ಬರಿಟಾಕಿಯಲ್ಲಿ ರಾತ್ರಿಯ ತಂಪಿಗೆ ಹವೆಯೊಳಗಿನ ತೇವ ಹನಿಗಟ್ಟಿ ನೀರಾಗುತ್ತದೆ. ಡೀಸೆಲ್ಲಿನ ಪೀಪಾಯಿಯನ್ನು ನೆರಳಿನಲ್ಲಿ ತುಸು ಓರೆಯಾಗಿ ಇಟ್ಟು, ಒಂದು ರಾತ್ರಿ ತಂಗಲು ಬಿಟ್ಟು, ತಳದ ಡೀಸೆಲ್ಲನ್ನು ಮುಟ್ಟದೆ ಮೇಲಿನದನ್ನಷ್ಟೇ ತೆಗೆಯಿರಿ. ಸತುವಿನ ಲೇಪವಿರುವ ತಗಡಿನ ಕೊಡದಲ್ಲಿ ಡೀಸೆಲ್ಲು ಇಡಬೇಡಿರಿ. ನೂಲು ಬಿಡುವ ಅರಿವೆಯಿಂದ ಸೋಸದೆ ಸಣ್ಣ ಜಾಳಿಗೆಯಿಂದ ಸೋಸಿರಿ. ವಾರಕ್ಕೊಮ್ಮೆ ಬಟ್ಟಲಿನ ನೀರು ಬಿಡಿರಿ. ಬಿತ್ತನೆಗೆ ಹದಿನೈದು ದಿವಸ ಮೊದಲು ಟ್ರ್ಯಾಕ್ಟರನ್ನು ಅರ್ಧ ದಿವಸ ದುಡಿಸಿ ನೋಡಿರಿ. ಇದ್ದ ದೋಷವು ಬಿಡುವಿನ ಕಾಲದಲ್ಲಿಯೇ ಹೊರಬೀಳಲಿ.

ರೈತ ಬಾಂಧವರೇ, ನಮ್ಮ ಹಿರಿಯರು ಎತ್ತಿನ ಕಣ್ಣು ನೋಡಿ ಅದರ ಹೊಟ್ಟೆಯ ನೋವನ್ನು ಹೇಳುತ್ತಿದ್ದರು. ಆ ಜಾಣತನ ನಮ್ಮಲ್ಲಿ ಸತ್ತಿಲ್ಲ. ಯಂತ್ರದ ಕಡೆಗೆ ಅದನ್ನು ತಿರುಗಿಸಬೇಕಷ್ಟೆ. ಓಣಿಗೊಬ್ಬ ಹುಡುಗನಾದರೂ ಹವೆ ತೆಗೆಯುವುದನ್ನು ಕಲಿಯಲಿ. ಈ ಪುಟವನ್ನು ಕತ್ತರಿಸಿ ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ ವಾಷರುಗಳ ಜೊತೆ ಇಟ್ಟುಕೊಳ್ಳಿರಿ. ಹದ ಬಂದ ದಿವಸ ಯಂತ್ರ ನಿಂತರೆ ಗಾಬರಿಯಾಗದೆ, ಟಾಕಿಯಿಂದ ಆರಂಭಿಸಿರಿ.